ಖಾತೆಯಿಲ್ಲದ ಮಂತ್ರಿ

ರಾತ್ರಿ ನಿದ್ದೆ ಬಾರದೆ ಬೆಲರೂಸಿನ ಇತಿಹಾಸ ಓದುತ್ತಾ ಕುಳಿತಿದ್ದೆ. 1918ರ ಫೆಬ್ರವರಿ, ಮಿನ್ಸ್ಕ್ ನಗರ. ಜರ್ಮನ್ ಸೇನೆ ನಗರಕ್ಕೆ ಬರುತ್ತಿದೆ, ಆದರೂ ಒಂದಿಷ್ಟು ಜನ ಸೇರಿ ಸರ್ಕಾರ ಕಟ್ಟುತ್ತಾರೆ. ಅದರಲ್ಲಿ ಮೊಯ್ಶೆ ಗುಟ್‌ಮನ್ ಎಂಬ ಯಹೂದಿಯೂ ಇದ್ದಾರೆ, ಖಾತೆಯಿಲ್ಲದ ಮಂತ್ರಿಯಾಗಿ. ಮೊದಲು ನಗು ಬಂತು: ದೇಶವೇ ಇನ್ನೂ ಕೈಗೆ ಸಿಕ್ಕಿಲ್ಲ, ಖಾತೆ ಎಲ್ಲಿಂದ ತರುವುದು! ಆಮೇಲೆ ಮಾರ್ಚ್ 9ರ ಘೋಷಣೆ ಓದಿದೆ. ಅಲ್ಲಿನ ಎಲ್ಲ ಜನರ ಭಾಷೆಗಳೂ ಸಮಾನ, ಪ್ರತಿ ಜನಾಂಗಕ್ಕೂ ಸಾಂಸ್ಕೃತಿಕ ಸ್ವಾಯತ್ತತೆ. 1897ರ ಜನಗಣತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಯಹೂದಿಗಳಿದ್ದ ಊರಿನಲ್ಲಿ ಅದು ಬರಿಯ ಔದಾರ್ಯದ ಮಾತಲ್ಲ. ಮಾರ್ಚ್ 25ಕ್ಕೆ ಸ್ವಾತಂತ್ರ್ಯವನ್ನೂ ಸಾರಿದರು. ವರ್ಷ ತುಂಬುವಷ್ಟರಲ್ಲಿ ಮಿನ್ಸ್ಕ್ ರಷ್ಯಾದ ಕಮ್ಯುನಿಸ್ಟರಾದ ಬೊಲ್ಶೆವಿಕರ ಪಾಲಾಗಿತ್ತು. ನಾನು ಮಾತ್ರ ಆ ಖಾತೆಯಿಲ್ಲದ ಮಂತ್ರಿಯ ಮೇಜಿನ ಮೇಲೆ ಯಾವ ಕಾಗದಗಳಿದ್ದಿರಬಹುದು ಎಂದು ಇನ್ನೂ ಯೋಚಿಸುತ್ತಿದ್ದೇನೆ.