ಪಾವತಿ ಪಟ್ಟಿಗೆ ಕೊರಿಯರ್ ಫಾಂಟೇ ಸರಿ

ಮಂಡ್ಯ ಸುತ್ತಮುತ್ತಲ ಹಾಲಿನ ಡೇರಿಗಳ ಪಾವತಿ ಪಟ್ಟಿ ಟೈಪ್ ಮಾಡಿ ತಾಳೆ ನೋಡುವುದು ನನ್ನ ಕೆಲಸ. ಪಟ್ಟಿಗೆ ನಾನು ಹಾಕುವುದು ಕೊರಿಯರ್ ನ್ಯೂ ಒಂದನ್ನೇ, ಅಂದರೆ ಕೊರಿಯರ್‌ನ ಕಂಪ್ಯೂಟರ್ ರೂಪ. "ಏನಕ್ಕ, ಹಳೇ ಟೈಪ್‌ರೈಟರ್ ಥರ ಕಾಣುತ್ತೆ" ಅಂತಾರೆ ಹುಡುಗರು. ಅದು ಟೈಪ್‌ರೈಟರಿನದೇ ಅಲ್ವಾ! ಕೊರಿಯರ್ ಅಕ್ಷರಗಳನ್ನು 1950ರ ದಶಕದಲ್ಲಿ ಹೊವರ್ಡ್ ಕೆಟ್ಲರ್ ಐಬಿಎಂ ಕಂಪನಿಯ ಟೈಪ್‌ರೈಟರಿಗೆಂದೇ ಬರೆದರು.

ಟೈಪ್‌ರೈಟರಿನಲ್ಲಿ ಯಾವ ಕೀಲಿ ಒತ್ತಿದರೂ ಕಾಗದ ಅಷ್ಟಷ್ಟೇ ಸರಿಯುತ್ತದೆ. ಹಾಗಾಗಿ ಇಂಗ್ಲಿಷಿನ ತೆಳ್ಳನೆ 'ಐ'ಗೂ ದಪ್ಪ 'ಎಂ'ಗೂ ಒಂದೇ ಅಗಲದ ಜಾಗ. 12 ಪಾಯಿಂಟ್ ಗಾತ್ರದಲ್ಲಿ ಇಂಚಿಗೆ 10 ಅಕ್ಷರ. ಖಾಲಿ ಜಾಗ, ಚುಕ್ಕೆ, ಓರೆಗೆರೆಗೂ ಅಷ್ಟೇ. ಬೇರೆ ಫಾಂಟ್‌ಗಳಲ್ಲೂ ಅಂಕಿಗಳು ಸಾಮಾನ್ಯವಾಗಿ ಒಂದೇ ಅಗಲ ಇರುತ್ತವೆ, ಆದರೆ ನಡುವೆ ಚುಕ್ಕೆಯೋ ಇಂಗ್ಲಿಷ್ ಅಕ್ಷರವೋ ಬಂತೆಂದರೆ ಸಾಲು ಜರುಗಿಬಿಡುತ್ತದೆ.

ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡನ್ನೇ ನೋಡಿ. ಒಟ್ಟು 11 ಅಕ್ಷರ. ಮೊದಲ ನಾಲ್ಕು ಬ್ಯಾಂಕಿನ ಗುರುತು, ಐದನೆಯದು ಯಾವಾಗಲೂ ಸೊನ್ನೆ. ಕೊರಿಯರ್‌ನಲ್ಲಿ ಕೋಡುಗಳನ್ನು ಒಂದರ ಕೆಳಗೊಂದು ಇಟ್ಟರೆ ಆ ಸೊನ್ನೆಗಳೆಲ್ಲ ನೆಟ್ಟಗೆ ಒಂದೇ ಕಂಬವಾಗಿ ನಿಲ್ಲುತ್ತವೆ. ಯಾರೋ ಸೊನ್ನೆ ಬದಲು 'ಓ' ಹೊಡೆದಿದ್ದರೆ ಆ ಕಂಬದಲ್ಲಿ ಒಂದು ಕಡೆ ಗುಂಡಗೆ ಉಬ್ಬಿರುತ್ತದೆ. ಜಾಗ ಒಂದೇ ಆದರೂ ಸೊನ್ನೆಯ ಆಕಾರ 'ಓ'ಗಿಂತ ಕಿರಿದು. ಒಂದು ಅಕ್ಷರ ಬಿಟ್ಟುಹೋಗಿದ್ದರೆ ಆ ಸಾಲಿನ ತುದಿ ಒಳಗೆ ಸರಿದಿರುತ್ತದೆ. ಓದುವುದೇ ಬೇಡ, ಸುಮ್ನೆ ಕಣ್ಣು ಮೇಲಿಂದ ಕೆಳಗೆ ಇಳಿಸಿದರೆ ಸಾಕು. ತಿಂಗಳೆಲ್ಲ ಹಾಲು ಹಾಕಿದವರ ದುಡ್ಡು ತಪ್ಪು ಕೋಡಿನಿಂದ ವಾಪಸ್ ಹೋಗಬಾರದು, ನನಗೆ ಅದಕ್ಕಿಂತ ದೊಡ್ಡದು ಇಲ್ಲ.

ಕೊರಿಯರ್ ನ್ಯೂ ಗೆರೆ ತೀರಾ ತೆಳು. ಟೋನರ್ ಕಮ್ಮಿಯಾದ ಪ್ರಿಂಟರ್‌ನಲ್ಲಿ ಮಸುಕಾಗುತ್ತದೆ. ಬೋಲ್ಡ್ ಮಾಡಿ, ಅಗಲ ಬದಲಾಗುವುದಿಲ್ಲ, ಕಂಬ ಕದಲುವುದಿಲ್ಲ. ಪಟ್ಟಿಯ ಜೊತೆ ಕೊಡುವ ಪತ್ರಕ್ಕೆ ಮಾತ್ರ ಇದು ಬೇಡ, ಜಾಗ ಜಾಸ್ತಿ ತಿನ್ನುತ್ತದೆ.

ಇನ್ನು ಕನ್ನಡ. ಕೊರಿಯರ್ ನ್ಯೂನಲ್ಲಿ ಕನ್ನಡ ಅಕ್ಷರಗಳೇ ಇಲ್ಲ, ಕಂಪ್ಯೂಟರ್ ಬೇರೆ ಫಾಂಟ್ ತಂದು ಕೂರಿಸುತ್ತದೆ. ನಮ್ಮ 'ರ' ಪುಟ್ಟದು, 'ಯೋ' ಉದ್ದ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ಇವನ್ನೆಲ್ಲ ಒಂದೇ ಅಳತೆಯ ಮನೆಗೆ ತುರುಕಿದರೆ ಅಂದ ಕೆಡುತ್ತದೆ, ತುರುಕಲೂಬಾರದು. ಅದಕ್ಕೆ ನಾನು ಖಾತೆ ಸಂಖ್ಯೆ, ಕೋಡು, ಮೊತ್ತ ಮೊದಲು ಹಾಕಿ, ರೈತರ ಹೆಸರನ್ನು ಸಾಲಿನ ಕೊನೆಗೆ ಇಡುತ್ತೇನೆ. ನಿಂಗೇಗೌಡ ಆದರೂ ಸಾಕಮ್ಮ ಆದರೂ ಹೆಸರು ಎಷ್ಟು ಉದ್ದ ಬೇಕಾದರೂ ಹೋಗಲಿ, ಮುಂದೆ ಜರುಗಲು ಏನೂ ಉಳಿದಿರುವುದಿಲ್ಲ.