ತಾತ ಮಷಿನ್ ಮೇಲೆ ಕೈ ಇಟ್ಟಿದ್ದು ಯಾಕೆ?

ನಮ್ಮ ವಾಷಿಂಗ್ ಮಷಿನ್ ಜಾಹೀರಾತಿನ 20 ಸೆಕೆಂಡಿನ ಕಟ್ಟನ್ನು ಪರೀಕ್ಷೆಗೆಂದು ಒಂದಷ್ಟು ವೀಕ್ಷಕರಿಗೆ ತೋರಿಸಿದ ಮೇಲೆ, ಚರ್ಚೆ ನಡೆಸುವ ಮಾಡರೇಟರ್ ಕೇಳಿದ ಮೊದಲ ಪ್ರಶ್ನೆ: 'ಇದರಲ್ಲಿ ಏನಾಯ್ತು, ಹೇಳಿ.' ಮೊದಲ ಉತ್ತರ: 'ಕಿವಿ ಮಷಿನ್‌ದು ಅಲ್ವಾ ಇದು?' ಇನ್ನೊಬ್ಬರು 'ವಯಸ್ಸಾದವರನ್ನ ಆಡ್ಕೊಂಡಿದಾರೆ, ಸರಿಯಿಲ್ಲ' ಅಂದರು. ಮೂರನೆಯವರು ಸ್ವಲ್ಪ ಹೊತ್ತು ಯೋಚಿಸಿ, 'ಕೊನೇಲಿ ತಾತ ಮಷಿನ್ ಮೇಲೆ ಕೈ ಇಟ್ಟಿದ್ದು ಯಾಕೆ?' ಅಂತ ಪಕ್ಕದವರನ್ನು ಕೇಳಿದರು. ಪಕ್ಕದವರಿಗೂ ಗೊತ್ತಿರಲಿಲ್ಲ. ವೀಕ್ಷಕರಿಗೆ ನಾವು ಕಾಣದ ಒಮ್ಮುಖ ಕನ್ನಡಿಯ ಈಚೆ ಕ್ಲೈಂಟ್, ಕ್ಲೈಂಟನ್ನು ನೋಡಿಕೊಳ್ಳುವ ನಮ್ಮ ಸರ್ವಿಸಿಂಗ್‌ನವರು, ಎಡಿಟರ್ ಎಲ್ಲರೂ ಕೂತಿದ್ದರು. ಯಾರೂ ಉಸಿರೆತ್ತಲಿಲ್ಲ. ಸ್ಕ್ರಿಪ್ಟ್ ಓದಿದ ದಿನ ಇವರೆಲ್ಲ ಜೋರಾಗಿ ನಕ್ಕಿದ್ದವರೇ.

ಕಥೆ ಸಣ್ಣದು. ತಾತ ಒಳಗೆ ಬರುತ್ತಾರೆ. ಮಷಿನ್ ಓಡುತ್ತಿದೆ, ಸದ್ದೇ ಇಲ್ಲ. ಕಿವಿಯ ಸಾಧನ ತೆಗೆದು ತಟ್ಟುತ್ತಾರೆ, ಸೆಲ್ ಬದಲಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಪಕ್ಕದ ಕೋಣೆಯಿಂದ ಮೊಮ್ಮಗಳು 'ತಾತಾ' ಅಂತ ಮೆಲ್ಲಗೆ ಕರೆದ ತಕ್ಷಣ ತಿರುಗುತ್ತಾರೆ. ಕಿವಿ ಸರಿಯಾಗೇ ಇದೆ! ಅನುಮಾನದಿಂದ ಮಷಿನ್ ಮೇಲೆ ಅಂಗೈ ಇಡುತ್ತಾರೆ, ನಡುಕ ತಾಗುತ್ತದೆ, ಮುಖ ಅರಳುತ್ತದೆ. ಆಮೇಲೆ ಪ್ಯಾಕ್ ಶಾಟ್, ಅಂದರೆ ಕೊನೆಗೆ ಪ್ರಾಡಕ್ಟನ್ನೇ ತೋರಿಸುವ ಶಾಟ್.

30 ಸೆಕೆಂಡಿನಲ್ಲಿ ಇದು ಎಲ್ಲರಿಗೂ ಅರ್ಥವಾಗುತ್ತಿತ್ತು. ಆದರೆ ಸ್ಕ್ರಿಪ್ಟ್ ಒಪ್ಪಿಗೆಯಾಗಿದ್ದು 30ಕ್ಕೆ, ಟಿ.ವಿ. ಸಮಯ ಕೊಳ್ಳುವ ಮೀಡಿಯಾದವರು ಸ್ಲಾಟ್ ಬುಕ್ ಮಾಡಿದ್ದು 20ಕ್ಕೆ. ಈ ಎರಡು ಟೇಬಲ್‌ಗಳು ಮೊದಲೇ ಮಾತಾಡಿಕೊಳ್ಳದಿದ್ದರೆ ಪೆಟ್ಟು ಬೀಳುವುದು ಯಾವಾಗಲೂ ಕಥೆಗೇ. ಸೆಕೆಂಡಿಗೆ 25 ಫ್ರೇಮ್‌ನಂತೆ 20 ಸೆಕೆಂಡಿಗೆ 500 ಫ್ರೇಮ್. ಪ್ಯಾಕ್ ಶಾಟ್‌ಗೆ 75, ಆಫರ್ ಸೂಪರ್‌ಗೆ (ತೆರೆಯ ಮೇಲೆ ಆಫರ್ ಬರೆದು ತೋರಿಸುವುದಕ್ಕೆ) 50. ಉಳಿದ 375ರಲ್ಲಿ, ಅಂದರೆ 15 ಸೆಕೆಂಡಿನಲ್ಲಿ, ತಾತನ ಕಥೆ ಮುಗಿಯಬೇಕು. ಕತ್ತರಿಸುವಾಗ 'ಇದರಲ್ಲಿ ಪ್ರಾಡಕ್ಟ್ ಇಲ್ಲವಲ್ಲ' ಅಂತ ಎಲ್ಲಕ್ಕಿಂತ ಮೊದಲು ಹೋಗಿದ್ದು ಮೊಮ್ಮಗಳು ಕರೆಯುವ ಶಾಟ್. ಬರೀ 38 ಫ್ರೇಮ್. ಅದು ಹೋದ ಮೇಲೆ ತೆರೆಯ ಮೇಲೆ ಉಳಿದಿದ್ದು, ಕಿವಿ ಕೇಳದ ಒಬ್ಬ ವೃದ್ಧ ಮಷಿನ್ ಮುಟ್ಟಿ ನಗುತ್ತಾನೆ, ಅಷ್ಟೇ. ವೀಕ್ಷಕರು ದಡ್ಡರಲ್ಲ. ತೋರಿಸಿದ್ದನ್ನು ಸರಿಯಾಗೇ ಓದಿದ್ದರು.

ಹಾಸ್ಯದ ಜಾಹೀರಾತನ್ನು ಚಿಕ್ಕದು ಮಾಡುವಾಗ ಪ್ರತಿ ಶಾಟ್‌ಗೂ ಒಂದೇ ಪ್ರಶ್ನೆ ಹಾಕಬೇಕು: ಇದು ಹೋದರೆ ಕೊನೆಯ ಶಾಟ್‌ನ ಅರ್ಥ ಬದಲಾಗುತ್ತದಾ? ಬದಲಾಗುವುದಾದರೆ ಅದನ್ನು ಮುಟ್ಟಬಾರದು. ಅದರ ಬದಲು ಪ್ರವೇಶದ ಶಾಟ್ ಹೋಗಲಿ, ವಿ.ಒ.ದ (ಹಿನ್ನೆಲೆ ದನಿಯ) ಒಂದು ಸಾಲು ಹೋಗಲಿ, ಸೂಪರ್ ಪ್ಯಾಕ್ ಶಾಟ್ ಮೇಲೇ ಬರಲಿ. ನಾವು ಸೂಪರನ್ನು ಪ್ಯಾಕ್ ಶಾಟ್‌ಗೆ ಸೇರಿಸಿದಾಗ 50 ಫ್ರೇಮ್ ಸಿಕ್ಕಿತು, ಮೊಮ್ಮಗಳು ವಾಪಸ್ ಬಂದಳು, ಇನ್ನೂ 12 ಫ್ರೇಮ್ ಉಳಿಯಿತು. ಅದನ್ನು ತಾತನ ನಗುವಿಗೆ ಕೊಟ್ಟೆವು.

ಆ 12 ಫ್ರೇಮ್ ದುಂದಲ್ಲ. ಮೊದಲ ಕಟ್‌ನಲ್ಲಿ ಅಂಗೈ ಮಷಿನ್‌ಗೆ ತಾಗುವ ಕ್ಷಣಕ್ಕೇ ವಿ.ಒ. ಶುರುವಾಗಿ ಹೊಸ ಮೋಟರ್ ಬಗ್ಗೆ ಹೇಳುತ್ತಿತ್ತು. ನೋಡುವವರು ಇನ್ನೂ ಲೆಕ್ಕ ಜೋಡಿಸುತ್ತಿರುವಾಗ ಮಾತು ಬಂದರೆ ಮಾತೂ ಕಿವಿಗೆ ಬೀಳುವುದಿಲ್ಲ, ನಗುವೂ ಬರುವುದಿಲ್ಲ. ಗುಟ್ಟು ಬಯಲಾದ ಮೇಲೆ ಹತ್ತಿರ ಹತ್ತಿರ ಅರ್ಧ ಸೆಕೆಂಡಾದರೂ ಬಾಯಿ ಮುಚ್ಚಿಕೊಂಡಿರಬೇಕು.

ಇನ್ನೊಂದು ತೊಡಕು ಫ್ರೇಮಿಂಗ್‌ದು. ಮಷಿನ್ ಓಡುತ್ತಿದೆ ಅಂತ ತೋರಿಸಲು ತಿರುಗುವ ಡ್ರಮ್ ಕಾಣಬೇಕು. ಅದು ಇತ್ತು, ಆದರೆ ಫ್ರೇಮಿನ ಬಲ ಅಂಚಿನಲ್ಲಿ, ತಾತನ ಮುಖದ ಜೊತೆಗೆ. ಮುಖ ಇರುವ ಕಡೆ ಕಣ್ಣು ಬೇರೆಲ್ಲೂ ಹೋಗುವುದಿಲ್ಲ. ಅದಕ್ಕೆ ಡ್ರಮ್ಮನ್ನು ಒಂಟಿಯಾಗಿ ಕ್ಲೋಸಪ್‌ನಲ್ಲಿ, ತಾತ ಬರುವ ಮುಂಚೆಯೇ ಇಟ್ಟೆವು. ಟಿ.ವಿ. ಮ್ಯೂಟ್ ಮಾಡಿ ನೋಡುವವರಿಗೆ ಈ ಶಾಟ್ ಒಂದೇ ಆಧಾರ. ಶಬ್ದದ ಮೇಲೆ ನಿಂತ ಹಾಸ್ಯಕ್ಕೆ ಮ್ಯೂಟ್ ಪರೀಕ್ಷೆ ತಪ್ಪಿಸಲೇಬಾರದು.

ಪ್ರಾಡಕ್ಟನ್ನೇ ಪೂರ್ತಿ ಬಚ್ಚಿಟ್ಟು ಕುತೂಹಲ ಹುಟ್ಟಿಸೋಣ ಅನ್ನುವವರು ಪ್ರತಿ ಮೀಟಿಂಗಿನಲ್ಲೂ ಸಿಗುತ್ತಾರೆ. 1989ರಲ್ಲಿ ನಿಸಾನ್ ತನ್ನ ಐಷಾರಾಮಿ ಕಾರು ಬ್ರ್ಯಾಂಡ್ ಇನ್ಫಿನಿಟಿಯನ್ನು ಅಮೆರಿಕದಲ್ಲಿ ಬಿಡುಗಡೆ ಮಾಡುವಾಗ ಕಾರು ತೋರಿಸದೆ ಬಂಡೆ, ಮರ, ನೀರು ತೋರಿಸಿತು. ಜನ ಆ ಜಾಹೀರಾತುಗಳ ಬಗ್ಗೆ ಬೇಕಾದಷ್ಟು ಮಾತಾಡಿದರು. ಆದರೆ ಗೇಲಿಗೆ ಸಿಕ್ಕಿದ್ದೂ ಅದೇ ಬಂಡೆ, ಮರ. ಒಗಟು ಇಟ್ಟರೆ ಉತ್ತರ ಅದೇ ಸ್ಪಾಟಿನೊಳಗೆ (ಜಾಹೀರಾತಿನೊಳಗೆ) ಸಿಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಟೆಸ್ಟಿಂಗ್ ವಿಷಯ. ಜಾಹೀರಾತನ್ನು ಒಂಟಿಯಾಗಿ ತೋರಿಸಬೇಡಿ, ಆರು ಸ್ಪಾಟ್‌ಗಳ ರೀಲಿನಲ್ಲಿ ಮೂರನೆಯದೋ ನಾಲ್ಕನೆಯದೋ ಆಗಿರಲಿ. ಒಂದೇ ಸಲ ತೋರಿಸಿ. 'ಇಷ್ಟವಾಯ್ತಾ' ಅಂತ ಶುರುಮಾಡಿದರೆ ಎಲ್ಲರೂ ಮರ್ಯಾದೆಗೆ ಹೌದೆನ್ನುತ್ತಾರೆ. ನಡೆದದ್ದನ್ನು ಅವರವರ ಮಾತಿನಲ್ಲಿ ಬರೆಸಿ, ಆಮೇಲೆ ಮಾತಾಡಿಸಿ. ಮೊದಲೇ ಮಾತಿಗೆ ಬಿಟ್ಟರೆ ಅರ್ಥವಾದ ಒಬ್ಬರು ಉಳಿದವರಿಗೆಲ್ಲ ವಿವರಿಸಿಬಿಡುತ್ತಾರೆ, ನಿಮಗೆ ಸಿಗುವ ಫಲಿತಾಂಶ ಸುಳ್ಳಾಗುತ್ತದೆ. ಬರೆದದ್ದರಲ್ಲಿ 'ಯಾಕೆಂದರೆ' ಇದೆಯಾ ನೋಡಿ. 'ತಾತ ಸೆಲ್ ಬದಲಿಸಿದ, ಮಷಿನ್ ಮುಟ್ಟಿದ' ಅಂತ ಮಾತ್ರ ಇದ್ದರೆ ಹಾಸ್ಯ ತಲುಪಿಲ್ಲ. ಇದೆಲ್ಲ ಅನಿಮ್ಯಾಟಿಕ್ ಹಂತದಲ್ಲೇ, ಅಂದರೆ ಶೂಟ್‌ಗೆ ಮುಂಚೆ ಚಿತ್ರಗಳನ್ನು ಜೋಡಿಸಿ ಮಾಡುವ ಕಚ್ಚಾ ವಿಡಿಯೋದಲ್ಲೇ ಆಗಬೇಕು. ಶೂಟ್ ಆದ ಮೇಲೆ ಗೊತ್ತಾದರೆ ಇದ್ದ ಫುಟೇಜಿನಲ್ಲೇ ಒದ್ದಾಡಬೇಕು. ನಮಗೆ ಡ್ರಮ್ಮಿನ ಕ್ಲೋಸಪ್ ಸಿಕ್ಕಿದ್ದು ಪ್ಯಾಕ್ ಶಾಟಿಗೆಂದು ತೆಗೆದಿಟ್ಟಿದ್ದ ರಷಸ್‌ನಲ್ಲಿ (ಎಡಿಟ್ ಆಗದ ಫುಟೇಜಿನಲ್ಲಿ).

ಈಗ ಮೀಡಿಯಾದವರು 10 ಸೆಕೆಂಡಿನ ಕಟ್ ಕೇಳುತ್ತಿದ್ದಾರೆ. ಅಂಗೈ, ನಗು, ಪ್ಯಾಕ್ ಶಾಟ್ ಇಟ್ಟರೆ ಅದೂ ಆಗುತ್ತದೆ, ಆದರೆ 20ನ್ನು ಮೊದಲೇ ನೋಡಿದವರಿಗೆ ಮಾತ್ರ. ಹಾಗಾಗಿ ಶುರುವಿನ ವಾರಗಳ ಶೆಡ್ಯೂಲಿನಲ್ಲಿ 10 ಬೇಡ, ಬರೀ 20 ಓಡಲಿ ಅಂತ ಬರೆದು ಕಳಿಸಿದ್ದೇವೆ.