ಬೆಳ್ಳಿ ಬಣ್ಣದಡಿ ಮುಚ್ಚಿಹೋದ 13 ಮುಖಗಳು

ಅಮೆರಿಕ ಪ್ರವಾಸದಲ್ಲಿ ನಯಾಗರ ನೋಡಿದೆವು, ವಾಷಿಂಗ್ಟನ್ ನೋಡಿದೆವು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಬಿಡದೆ ಕಾಡುತ್ತಿರುವುದು ನ್ಯೂಯಾರ್ಕಿನ ಫ್ಲಷಿಂಗ್ ಮೆಡೋಸ್ ಪಾರ್ಕಿನಲ್ಲಿರುವ ದುಂಡನೆಯ ಕಟ್ಟಡ. ಈಗದು ಕ್ವೀನ್ಸ್ ಥಿಯೇಟರ್. ದೇಶಗಳು, ಕಂಪನಿಗಳು ತಮ್ಮ ಪ್ರಗತಿಯನ್ನು ತೋರಿಸಿಕೊಂಡ 1964ರ ವಿಶ್ವಮೇಳದಲ್ಲಿ ನ್ಯೂಯಾರ್ಕ್ ರಾಜ್ಯದ ಮಂಟಪಕ್ಕೆ ಸೇರಿತ್ತು.

ಅಲ್ಲಿಗೆ ಹೋಗುವವರು 7ನೇ ನಂಬರಿನ ರೈಲು ಹಿಡಿದು ಮೆಟ್ಸ್–ವಿಲೆಟ್ಸ್ ಪಾಯಿಂಟಿನಲ್ಲಿ ಇಳಿಯಿರಿ. ಬಾಡಿಗೆ ಕಾರಿನವನು ನಮ್ಮನ್ನು ಹೆದ್ದಾರಿಯ ಆಚೆ ಬದಿಗೆ ಇಳಿಸಿ ಹೊರಟೇಬಿಟ್ಟ. ಮಂಡಿನೋವಿನ ಮಾವನವರನ್ನು ಆ ಬಿಸಿಲಲ್ಲಿ ಅಷ್ಟು ದೂರ ನಡೆಸಿದ್ದು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಎಲ್ಲರೂ ಫೋಟೋ ತೆಗೆಸಿಕೊಳ್ಳುವ 140 ಅಡಿಯ ಉಕ್ಕಿನ ಭೂಗೋಳದಲ್ಲಿ ಗಾತ್ರ ಬಿಟ್ಟರೆ ನನಗೇನೂ ಕಾಣಲಿಲ್ಲ.

ಈ ಕಟ್ಟಡದ ಹೊರಗೋಡೆಗೆ ವಾಸ್ತುಶಿಲ್ಪಿ ಫಿಲಿಪ್ ಜಾನ್ಸನ್ ಹತ್ತು ಕಲಾವಿದರಿಂದ ಕೃತಿ ಮಾಡಿಸಿದ್ದ. ಅವರಲ್ಲೊಬ್ಬನಾದ ಪಾಪ್ ಆರ್ಟ್ ಕಲಾವಿದ ಆ್ಯಂಡಿ ವಾರ್ಹಾಲ್ ಕೈಗೆತ್ತಿಕೊಂಡದ್ದು ನ್ಯೂಯಾರ್ಕ್ ಪೊಲೀಸರ 1962ರ ಪುಸ್ತಿಕೆಯನ್ನು. ಅದರಲ್ಲಿದ್ದದ್ದು ಪೊಲೀಸರು ಹುಡುಕುತ್ತಿದ್ದ 13 ಜನರ ಫೋಟೋ. ಎದುರಿನಿಂದ ಒಂದು, ಪಕ್ಕದಿಂದ ಒಂದು, ಠಾಣೆಯಲ್ಲಿ ತೆಗೆಯುವಂಥವು. ಅವನ್ನು ಹಿಗ್ಗಿಸಿ, ಸಿಲ್ಕ್‌ಸ್ಕ್ರೀನಿನಲ್ಲಿ, ಅಂದರೆ ಬಟ್ಟೆಯ ಜಾಲರಿಯ ಮೂಲಕ ಬಣ್ಣ ಒತ್ತಿ, ಅಚ್ಚು ಹಾಕಿ, 20 ಅಡಿ ಎತ್ತರ, 20 ಅಡಿ ಅಗಲಕ್ಕೆ ಜೋಡಿಸಿದ. ಕೆಲವೇ ದಿನಗಳಲ್ಲಿ, ಮೇಳ ಶುರುವಾಗುವ ಮೊದಲೇ, ಅದರ ಮೇಲೆ ಬೆಳ್ಳಿ ಬಣ್ಣ ಬಿತ್ತು. ಅವರಲ್ಲಿ ಹಲವರು ಇಟಾಲಿಯನ್ ಮೂಲದವರು, ಆ ಮತದಾರರು ಮುನಿದಾರು ಎಂದು ಗವರ್ನರ್ ನೆಲ್ಸನ್ ರಾಕ್‌ಫೆಲರ್ ಅಂಜಿದರು ಎನ್ನುವುದು ಸಾಮಾನ್ಯವಾಗಿ ಹೇಳುವ ಕಾರಣ.

ಗೋಡೆಯ ಮುಂದೆ ನಿಂತು ಮಾವನವರಿಗೆ ಮೊಬೈಲಿನಲ್ಲಿ ಹಳೆಯ ಚಿತ್ರ ತೋರಿಸಿದೆ. ಅವರು ಹಾಸನದ ಕಡೆ ಎಎಸ್‌ಐ ಆಗಿ ನಿವೃತ್ತರಾದವರು.

“ಇದನ್ನ ಅಳಿಸಬಾರದಿತ್ತು ಮಾವ” ಎಂದೆ.

“ನೋಡಿ, ನಮ್ಮ ಸ್ಟೇಷನ್ನಿನಲ್ಲೂ ರೌಡಿ ಶೀಟರ್‌ಗಳ ಫೋಟೋ ಇರೋವು. ಅದು ನಮಗೆ ಗುರುತು ಸಿಗಲಿ ಅಂತ. ಇದು ಜಾತ್ರೆ. ಫೋಟೋದಲ್ಲಿರೋನ ತಾಯಿ ಮೊಮ್ಮಕ್ಕಳನ್ನ ಕರ್ಕೊಂಡು ಬಂದಿರ್ತಾಳೆ. ತಲೆ ಎತ್ತಿದರೆ ಮಗ.”

“ಪೋಸ್ಟಾಫೀಸಲ್ಲಿ ಅಂಟಿಸಿದರೂ ತಾಯಿ ನೋಡ್ತಾಳಲ್ಲ?”

“ಅಲ್ಲಿ ಹಿಡಿಯೋಕೆ ಅಂಟಿಸ್ತಾರೆ. ಹಿಡಿದ ಮೇಲೆ ತೆಗೀತಾರೆ. ಇಲ್ಲಿ ಯಾವಾಗ ತೆಗೀತಿದ್ರು?”

ನಾನು ಓದಿದ ಕಡೆಯೆಲ್ಲ ಗವರ್ನರರ ಲೆಕ್ಕಾಚಾರ, ಕಲಾವಿದನ ಧೈರ್ಯ ಇದ್ದವು. ಆ ಮುಖಗಳ ಮನೆಯವರನ್ನು ಯಾರೂ ನೆನೆದಿರಲಿಲ್ಲ. ಮಾವನವರ ಮಾತು ಎದೆಗೆ ನಾಟಿತು. ಆದರೂ ಬಣ್ಣ ಬಳಿದದ್ದನ್ನು ನಾನು ಒಪ್ಪಲಾರೆ. ತಾಯಂದಿರ ಸಂಕಟ ನೋಡಲಾರದೆ ಬಳಿದದ್ದಲ್ಲ ಅದು. ಪ್ರಗತಿಯ ಮೇಳದಲ್ಲಿ ಆ ಮುಖಗಳಿಗೂ ಜಾಗವಿರಬೇಕಿತ್ತು.

ಪಕ್ಕದ ಕ್ವೀನ್ಸ್ ಮ್ಯೂಸಿಯಮ್ಮಿನಲ್ಲಿ ಇಡೀ ನ್ಯೂಯಾರ್ಕಿನ ಮಾದರಿ ಇದೆ. 8,95,000 ಕಟ್ಟಡಗಳು! ಅದನ್ನು ತಪ್ಪಿಸಿಕೊಳ್ಳಬೇಡಿ.

ಬೌನ್ ಸ್ಟ್ರೀಟಿನ ಗಣೇಶ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ತಿನ್ನುವಾಗಲೂ ನಮ್ಮ ಚರ್ಚೆ ನಿಲ್ಲಲಿಲ್ಲ. ಅದೇ ಬೇಸಿಗೆಯಲ್ಲಿ ವಾರ್ಹಾಲ್ ಆ ಮುಖಗಳನ್ನೇ ಕ್ಯಾನ್ವಾಸಿನ ಮೇಲೆ ಮತ್ತೆ ಅಚ್ಚು ಹಾಕಿದ, ಅವುಗಳಲ್ಲಿ ಒಂಬತ್ತನ್ನು 2014ರಲ್ಲಿ ಇದೇ ಕ್ವೀನ್ಸ್ ಮ್ಯೂಸಿಯಮ್ಮಿನಲ್ಲಿ ತೂಗುಹಾಕಿದ್ದರು ಎಂದೆ.

“ಹಾಗಾದರೆ ಇನ್ನೂ ತೆಗೆದಿಲ್ಲ ಅನ್ನಿ” ಎಂದರು ಮಾವ.